ಒಂಟಿ ಸೀನು

ಹೊಂಗೆ ಹೂ ಬಿಡುವ ಕಾಲ ಬಂತೆಂದರೆ ಚಿನಕುರಳಿಯ ಬಡಗಿ ಮನೆಯಲ್ಲಿ ಒಂದು ಕಟ್ಟಳೆ ತಾನಾಗಿ ಶುರುವಾಗುತ್ತಿತ್ತು. ಮನೆಯಿಂದ ಯಾರಾದರೂ ಹೊರಟು ನಿಂತರೆ ಹಿರಿಸೊಸೆ ವೆಂಕಟಮ್ಮ ಹಿತ್ತಲಿಗೆ ಹೋಗಿಬಿಡಬೇಕು. ಅವಳನ್ನು ಯಾರೂ ಬೈದು ಅಟ್ಟುತ್ತಿರಲಿಲ್ಲ. ಅತ್ತೆ ಸುಬ್ಬಮ್ಮ ಸೊಪ್ಪು ಕೀಳು ಅಂತಲೋ ಎಮ್ಮೆಗೆ ನೀರು ತೋರಿಸು ಅಂತಲೋ ಏನಾದರೂ ಒಂದು ನೆಪ ಹೇಳುತ್ತಿದ್ದಳು. ನೆಪ ಎಂದು ಇಬ್ಬರಿಗೂ ಗೊತ್ತಿತ್ತು.

ಕಾರಣ ವೆಂಕಟಮ್ಮನ ಮೂಗು. ಶಿವರಾತ್ರಿ ಕಳೆದು ಅಂಗಳದ ಹೊಂಗೆಮರ ಹಳೆ ಎಲೆ ಉದುರಿಸಿ ಚಿಗುರಿತೆಂದರೆ ಅವಳ ಕಣ್ಣಲ್ಲಿ ತುರಿಕೆ ಏಳುತ್ತಿತ್ತು. ಯುಗಾದಿಯ ಹೊತ್ತಿಗೆ ನೆಲದ ಮೇಲೆ ಅರಳು ಚೆಲ್ಲಿದ ಹಾಗೆ ಹೂ ಬಿದ್ದಾಗ ಮೂಗು ಕಟ್ಟಿ, ಅಂಗುಳು ಕೆರೆದು, ಸೀನು ಹತ್ತಿಕೊಳ್ಳುತ್ತಿತ್ತು. ಹತ್ತಿಕೊಂಡರೆ ಒಂದಕ್ಕೆ ನಿಲ್ಲುವ ಸೀನಲ್ಲ ಅದು. ಒಂದರ ಬಾಲ ಹಿಡಿದು ಇನ್ನೊಂದು ಬಂದು, ಕೊನೆಗೆ ಅವಳು ಗೋಡೆ ಹಿಡಿದು ಕೂತುಬಿಡುತ್ತಿದ್ದಳು. ಹೊರಟವರ ಕಿವಿಗೆ ಒಂಟಿ ಸೀನು ಬಿದ್ದರೆ ಕೆಟ್ಟದ್ದು, ಜೋಡಿ ಸೀನು ಬಿದ್ದರೆ ಒಳ್ಳೆಯದು ಎನ್ನುತ್ತಾರೆ. ಗುಂಪು ಸೀನಿಗೆ ಏನು ಫಲ ಎಂದು ಹೇಳಿದವರಿಲ್ಲ. ಗೊತ್ತಿಲ್ಲದ್ದರ ಗೊಡವೆ ಯಾಕೆ ಎಂದು ಹಿತ್ತಲು.

ಅವಳು ಅರಕೆರೆಯಿಂದ ಬಂದ ಹೆಣ್ಣು. ಮಾತು ಕಡಿಮೆ, ನೋಡುವುದು ಹೆಚ್ಚು. ನೋಡಿ ನೋಡಿ ತನ್ನ ಕಾಯಿಲೆಯ ಗುಣವನ್ನು ತಾನೇ ಕಂಡುಕೊಂಡಿದ್ದಳು. ಗಾಳಿ ಬೀಸುವ ಬೆಳಗು ಕೆಟ್ಟದ್ದು. ಒದ್ದೆ ಬಟ್ಟೆಯನ್ನು ಮೂಗಿಗೆ ಕಟ್ಟಿಕೊಂಡು ಗುಡಿಸಿದರೆ ಅರ್ಧ ಕಾಟ ತಪ್ಪುತ್ತದೆ. ರಾತ್ರಿ ಒಂದು ಮಳೆ ಹೊಡೆದರೆ ಮಾರನೆಯ ದಿನ ಮೂಗು ತೊಳೆದಿಟ್ಟ ಚೆಂಬಿನ ಹಾಗೆ ಇರುತ್ತದೆ.

ಹೋದ ವರ್ಷ ಅಂಥದೇ ಒಂದು ಮಳೆಯ ಮಾರನೆಯ ದಿನ ಅವಳು ಆ ಕೆಲಸ ಮಾಡಿದ್ದಳು.

ಅದು ಸುಲ್ತಾನರ ಕಾಲ. ಫಿರಂಗಿಯವರ ಮುತ್ತಿಗೆ ಕಳೆದ ಮೇಲೆ ಪಟ್ಟಣದ ಕೋಟೆಗೆ ಹೊಸ ಗೋಡೆ ಏಳುತ್ತಿತ್ತು. ಬಡಗಿಗಳ ಮನೆಗೊಂದಾಳು ಬರಬೇಕೆಂದು ಕರೆ ಬಂತು. ಹೋದವರು ಯಾವಾಗ ತಿರುಗಿ ಬರುತ್ತಾರೆಂದು ಹೇಳುವವರಿರಲಿಲ್ಲ. ಸುಬ್ಬಮ್ಮನಿಗೆ ಇಬ್ಬರು ಗಂಡುಮಕ್ಕಳು. ಹಿರಿಯವನು ಕಾಳಪ್ಪ, ವೆಂಕಟಮ್ಮನ ಗಂಡ. ನೇಗಿಲಾಗಲಿ ಕೂರಿಗೆಯಾಗಲಿ ಅವನ ಕೈಯಿಂದ ಎದ್ದರೆ ರೈತರು ಮರುಮಾತಿಲ್ಲದೆ ಒಯ್ಯುತ್ತಿದ್ದರು. ಕಿರಿಯವನು ಪುಟ್ಟಸ್ವಾಮಿ. ಇನ್ನೂ ಮದುವೆಯಾಗದವನು, ಗಾಲಿ ಮಾಡುವುದರಲ್ಲಿ ಅಣ್ಣನನ್ನೂ ಮೀರಿಸಿದವನು. ನಾಗಮಂಗಲದ ಕಡೆಯ ಒಂದು ಹೆಣ್ಣು ಅವನಿಗೆ ಮಾತಾಗಿತ್ತು. ಕೋಟೆಗೆ ಹಿರಿಯವನೇ ಹೋಗುವುದೆಂದು ತೀರ್ಮಾನವಾಯಿತು.

ಹೊರಡುವ ಬೆಳಗ್ಗೆ ಅತ್ತೆ ಎಂದಿನಂತೆ ಸೊಪ್ಪು ಕೀಳಲು ಹೇಳಿದಳು. ವೆಂಕಟಮ್ಮ ಹಿತ್ತಲಿಗೆ ಹೋಗಲಿಲ್ಲ, ಅಡುಗೆಮನೆಯ ಬಾಗಿಲ ಸಂದಿಯಲ್ಲಿ ನಿಂತಳು. ಮಳೆಯಲ್ಲಿ ತೊಳೆದ ಗಾಳಿ ತಣ್ಣಗಿತ್ತು. ಮೂಗಿನಲ್ಲಿ ಏನೂ ಇರಲಿಲ್ಲ. ಕಾಳಪ್ಪ ಸಾಮಾನಿನ ಚೀಲ ಹೆಗಲಿಗೇರಿಸಿ ಹೊಸ್ತಿಲು ದಾಟಲು ಕಾಲೆತ್ತಿದಾಗ, ಅವಳು ಸೆರಗಿನ ಅಂಚಿನಿಂದ ಒಂದು ಎಳೆ ಕಿತ್ತು ಹೊಸೆದು ಮೂಗಿನೊಳಗೆ ಆಡಿಸಿದಳು. ಸೀನು ಬಂತು. ಒಂದೇ ಒಂದು.

ಕಾಳಪ್ಪ ಎತ್ತಿದ ಕಾಲು ಕೆಳಗಿಟ್ಟು ಹೊಸ್ತಿಲ ಒಳಗೇ ಕೂತ. ನೀರು ಕುಡಿದು, ಒಂದು ಗಳಿಗೆ ತಡೆದು ಹೊರಡುವುದು ವಾಡಿಕೆ. ಆದರೆ ಊರಮುಂದೆ ಆಳುಗಳನ್ನು ಒಯ್ಯುವ ಗಾಡಿ ಹೊರಟುಬಿಟ್ಟಿತ್ತು. ಪುಟ್ಟಸ್ವಾಮಿ ನಗುತ್ತಾ ಅಣ್ಣನ ಹೆಗಲಿನಿಂದ ಚೀಲ ಎಳೆದುಕೊಂಡ. ನೀನು ಕೂತಿರು, ನನಗೆ ಯಾರೂ ಸೀನಿಲ್ಲ ಎಂದು ಹೇಳಿ ಗಾಡಿಯ ಹಿಂದೆ ಓಡಿದ.

ಹೀಗಾಗುತ್ತದೆಂದು ತನಗೆ ಹೊಳೆದಿರಲಿಲ್ಲ ಎಂದು ವೆಂಕಟಮ್ಮ ಬಹಳ ದಿನ ತನಗೆ ತಾನೇ ಹೇಳಿಕೊಂಡಳು. ಗಂಡ ಒಂದು ದಿನ ತಡವಾಗಿ ಹೋಗಲಿ ಎಂದಷ್ಟೇ ಅಂದುಕೊಂಡಿದ್ದೆ ಎಂದು. ಆದರೆ ನೂಲು ಹೊಸೆಯುವಾಗ ಅವಳ ಕಣ್ಣು ನೋಡುತ್ತಿದ್ದುದು ಗಂಡನನ್ನಲ್ಲ, ಜಗುಲಿಯ ತುದಿಯಲ್ಲಿ ಕಾಲಾಡಿಸುತ್ತಾ ಕೂತಿದ್ದ ಮೈದುನನನ್ನು. ಅದು ಅವಳಿಗೆ ಚೆನ್ನಾಗಿ ನೆನಪಿತ್ತು.

ದೀಪಾವಳಿಯ ಹೊತ್ತಿಗೆ ಪುಟ್ಟಸ್ವಾಮಿ ಬಂದ. ಗಾಡಿಯಿಂದ ಇಳಿಸುವಾಗ ತೇಗದ ದಿಮ್ಮಿ ಜಾರಿ ಬಲಗೈ ಮೇಲೆ ಕೂತಿತ್ತಂತೆ. ಹೆಬ್ಬೆರಳೂ ಅದರ ಪಕ್ಕದ ಬೆರಳೂ ಇರಲಿಲ್ಲ. ನಾಗಮಂಗಲದವರು ಒಂದು ಸಲ ಬಂದು ನೋಡಿ, ಮಜ್ಜಿಗೆ ಕುಡಿದು ಹೋದರು. ಆಮೇಲೆ ಆ ಕಡೆಯಿಂದ ಸುದ್ದಿಯಿಲ್ಲ. ಪುಟ್ಟಸ್ವಾಮಿ ಅದಕ್ಕೂ ನಕ್ಕ. ಉಂಗುರ ತೊಡಿಸಲು ಬೆರಳು ಸಾಲದು ಎಂದು ಹೆಣ್ಣಿನವರು ಹೆದರಿದರೇನೋ ಎಂದ. ಅನ್ನ ಕಲಸುವಾಗ ಮಾತ್ರ ಅವನು ಎಲ್ಲರಿಗೂ ಬೆನ್ನು ಹಾಕಿ ಕೂರುತ್ತಿದ್ದ. ವೆಂಕಟಮ್ಮ ಬಡಿಸಿ ಹಿಂದೆ ಸರಿದು, ಅವನು ಎದ್ದು ಹೋಗುವವರೆಗೂ ಆ ಬೆನ್ನನ್ನೇ ನೋಡುತ್ತಿದ್ದಳು.

ಈ ವರ್ಷ ಹೊಂಗೆ ಚಿಗುರಿದಾಗ ಅವಳು ಮೂಗಿಗೆ ಬಟ್ಟೆ ಕಟ್ಟಲಿಲ್ಲ. ಅಂಗಳ ಗುಡಿಸುವ ಕೆಲಸವನ್ನು ತಾನೇ ಕೇಳಿ ವಹಿಸಿಕೊಂಡಳು. ಹೂ ಗುಡ್ಡೆ ಮಾಡಿ, ಮಂಕರಿಯಲ್ಲಿ ತಲೆಯ ಮೇಲೆ ಹೊತ್ತು ತಿಪ್ಪೆಗೆ ಹಾಕಿದಳು. ಕಣ್ಣು ಕೆಂಡದಂತಾಯಿತು. ಅತ್ತೆ ಅರಿಶಿನದ ಕೊಂಬು ಸುಟ್ಟು ಹೊಗೆ ಸೇದಲು ಕೊಟ್ಟರೆ ಆಮೇಲೆ ಸೇದುತ್ತೇನೆಂದು ಒಲೆಯ ಬೂದಿಯಲ್ಲಿ ಹುದುಗಿಸಿದಳು. ಮೆಣಸಿನ ಕಷಾಯವನ್ನು ಬಚ್ಚಲಿಗೆ ಚೆಲ್ಲಿದಳು. ಮೈದುನನ ಎರಡು ಬೆರಳು ಹೋದಲ್ಲಿ ತನ್ನ ಮೂಗಿಗೆ ಸುಖ ಯಾಕೆ ಎಂಬುದು ಅವಳ ಲೆಕ್ಕ. ಸುಬ್ಬಮ್ಮ ಬೂದಿ ಕೆದಕುವಾಗ ಸಿಕ್ಕಿದ ಅರಿಶಿನದ ಕೊಂಬನ್ನು ಎತ್ತಿ ನೋಡಿ ಸುಮ್ಮನೆ ಪಕ್ಕಕ್ಕಿಟ್ಟಳು.

ಅಷ್ಟರಲ್ಲಿ ಮತ್ತೆ ಕರೆ ಬಂತು. ಸುದ್ದಿ ತಂದ ತಳವಾರ ಜಗುಲಿಯ ಮೇಲೆ ಕೂತು ಎಲೆಅಡಿಕೆ ಹಾಕುತ್ತಾ, ನಾಳೆ ಬೆಳಗ್ಗೆ ಗಾಡಿ, ಮನೆಗೊಂದಾಳು ಎಂದ. ಕೈ ಸರಿಯಿದ್ದವನಿಗೆ ಮರ ಕೆತ್ತುವ ಬಾಚಿ ಕೆಲಸ, ಇಲ್ಲದವನಿಗೆ ದಿಮ್ಮಿ ಎಳೆಯುವ ಎತ್ತು ಹೊಡೆಯುವ ಕೆಲಸ, ಆಳು ಯಾರಾದರೂ ಸರಿ ಎಂದ. ಕಾಳಪ್ಪ ತಾನೇ ಹೋಗುವುದಾಗಿ ಹೇಳಿದ. ಪುಟ್ಟಸ್ವಾಮಿ ಮರದ ಕೆಳಗೆ ಕೂತಿದ್ದವನು ತಲೆ ಎತ್ತಿದ.

"ಅತ್ಗೆ ಸೀನ್ಬುಟ್ರೆ ಮತ್ತೆ ನಂದೇ ಪಾಳಿ ಕಣಣ್ಣೋ. ಎಡಗೈ ಇನ್ನೂ ಅಂಗೇ ಐತೆ."

ತಳವಾರ ನಕ್ಕ, ಕಾಳಪ್ಪನೂ ನಕ್ಕ. ಹೆಂಗಸರಿಬ್ಬರೂ ನಗಲಿಲ್ಲ. ಪುಟ್ಟಸ್ವಾಮಿ ತಮಾಷೆಗೆ ಹೇಳಿದ್ದಲ್ಲ ಎಂದು ವೆಂಕಟಮ್ಮನಿಗೆ ಗೊತ್ತಾಯಿತು. ಮನೆಯಲ್ಲಿ ಬಾಚಿ ಹಿಡಿಯುವ ಕೈ ಒಂದೇ ಉಳಿದಿದೆ, ಅದು ಹೋದರೆ ಒಲೆ ಉರಿಯುವುದು ಹೇಗೆ ಎಂದು ಅವನು ಯೋಚಿಸುತ್ತಿದ್ದ. ಒಂದು ನೆಪ ಸಿಕ್ಕಿದರೆ ಚೀಲ ಕಸಿದುಕೊಂಡು ಹೋಗಿಬಿಡುವವನೇ.

ಆ ಸಂಜೆ ಅವಳು ತಾನಾಗಿ ಅತ್ತೆಯ ಬಳಿಗೆ ಹೋಗಿ, ನಾಳೆ ಬೆಳಗ್ಗೆ ತನಗೆ ಸೀನು ಬರಬಾರದು, ಏನಾದರೂ ಮಾಡಿ ಎಂದು ಕೇಳಿದಳು.

ಸುಬ್ಬಮ್ಮ ದೊಡ್ಡಪತ್ರೆ ಹಾಕಿ ನೀರು ಕಾಯಿಸಿದಳು. ಸೊಸೆಯ ತಲೆಯ ಮೇಲೆ ಕಂಬಳಿ ಹೊದಿಸಿ ಹಬೆ ಹಿಡಿಸಿದಳು. ಹುರಿದ ಓಂಕಾಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಕೈಗೆ ಕೊಟ್ಟಳು. ಹಸುವಿನ ತುಪ್ಪ ಬೆಚ್ಚಗೆ ಮಾಡಿ ಕಿರುಬೆರಳಿನಿಂದ ಮೂಗಿನ ಒಳಗೆಲ್ಲ ಸವರಿದಳು. ಅಷ್ಟು ದಿನದಿಂದ ಕಟ್ಟಿದ್ದ ಮೂಗು ಬಿಟ್ಟುಕೊಂಡಿತು. ಒಲೆಯ ಹೊಗೆಯ ವಾಸನೆ, ಅತ್ತೆಯ ಸೀರೆಯ ವಾಸನೆ ಒಟ್ಟಿಗೇ ಬಂದವು. ಆ ಸುಖಕ್ಕೆ ವೆಂಕಟಮ್ಮನಿಗೆ ನಾಚಿಕೆಯಾಯಿತು.

"ನಾಳೆ ನೀನು ಎದ್ರಿಗೆ ನಿಂತ್ಕಂಡು ಕಳಿಸ್ಕೊಡು," ಅಂದಳು ಸುಬ್ಬಮ್ಮ. "ಬಾಗ್ಲ ಸಂದೀಲಿ ಬ್ಯಾಡ."

ವೆಂಕಟಮ್ಮನ ಕೈಯಲ್ಲಿದ್ದ ಓಂಕಾಳಿನ ಗಂಟು ಜಾರಿತು. ಅದನ್ನು ಹೆಕ್ಕಿಕೊಳ್ಳುತ್ತಾ ಅವಳು ಕೇಳಿದಳು.

"ನಿಮ್ಗೆ ಗೊತ್ತಿತ್ತಾ ಅತ್ತೆ?"

"ನಿನ್ನ ಸೀನು ನಂಗೊತ್ತಿಲ್ವೇನಮ್ಮಿ. ಒಂದು ಬಂದು ನಿಂತದ್ದ ಯಾವತ್ತು ಕಂಡಿವ್ನಿ ನಾನು?"

"ಮತ್ತೆ ಯಾಕೆ ಅವತ್ತು ಏಳ್ನಿಲ್ಲ?"

ಸುಬ್ಬಮ್ಮ ತುಪ್ಪದ ಬಟ್ಟಲಿನ ಅಂಚನ್ನು ಬೆರಳಿನಿಂದ ಒರೆಸಿದಳು. "ಇಬ್ರೂ ನಾನೆತ್ತ ಮಕ್ಳೇ. ಯಾವನು ಓದ್ರೂ ಹೊಟ್ಟೆ ಸಂಕ್ಟ ಒಂದೇ ಅಂತ ಅನ್ಕಂಡಿದ್ದೆ. ನಿನ್ನ ಸೀನು ಕೇಳ್ದಾಗ ಗೊತ್ತಾಯ್ತು, ಒಂದೇ ಅಲ್ಲ ಅಂತ. ದೊಡ್ಡೋನು ಉಳ್ಕಂಡ್ನಲ್ಲ ಅಂತ ಬಾಯ್ ಮುಚ್ಕಂಡೆ." ಆಮೇಲೆ ಅವಳು ಒಲೆಯ ಕೊಳ್ಳಿ ಎಳೆದು ಆರಿಸಿ, ಮಲಗಲು ಹೋದಳು.

ಬೆಳಗ್ಗೆ ಗಾಳಿ ಎದ್ದಿತ್ತು. ಹೊಂಗೆಯ ಹೂ ಅಂಗಳವನ್ನೆಲ್ಲ ತುಂಬಿ ಜಗುಲಿಯ ಮೇಲೂ ಹಾರಿ ಬಂದಿತ್ತು. ವೆಂಕಟಮ್ಮ ಒದ್ದೆ ಸೆರಗನ್ನು ಮೂಗಿಗೆ ಒತ್ತಿಕೊಂಡು ಬಾಗಿಲ ಎದುರಿಗೆ ನಿಂತಳು. ಬಾಯಿಂದ ಉಸಿರಾಡಿದಳು. ಅಂಗುಳು ತುರಿಸಿದಾಗ ನಾಲಿಗೆ ಒತ್ತಿ ಹಿಡಿದಳು. ಕಾಳಪ್ಪ ಅವ್ವನ ಕಾಲಿಗೆ ಬಿದ್ದು ಎದ್ದ. ಚೀಲ ಹೆಗಲಿಗೇರಿಸಿದ. ಪುಟ್ಟಸ್ವಾಮಿ ಕಂಬಕ್ಕೆ ಒರಗಿ ಅತ್ತಿಗೆಯ ಮುಖವನ್ನೇ ನೋಡುತ್ತಿದ್ದ. ವೆಂಕಟಮ್ಮನ ಹುಬ್ಬುಗಳ ನಡುವೆ ಏನೋ ಹತ್ತಿದಂತಾಯಿತು, ಇಳಿದಂತಾಯಿತು, ಮತ್ತೆ ಹತ್ತಿತು. ಕಾಳಪ್ಪ ಹೊಸ್ತಿಲ ಮೇಲೆ ಕಾಲಿಟ್ಟ.

ಸೀನು ಹೊರಬಿತ್ತು. ಒಂದು.

ಕಾಳಪ್ಪ ನಿಂತ. ಪುಟ್ಟಸ್ವಾಮಿ ಕಂಬ ಬಿಟ್ಟು ಬಂದು ಎಡಗೈಯನ್ನು ಅಣ್ಣನ ಚೀಲಕ್ಕೆ ಹಾಕಿದ. ವೆಂಕಟಮ್ಮ ಎರಡನೆಯದಕ್ಕಾಗಿ ಕಾದಳು. ಬರಲಿಲ್ಲ. ಹುಟ್ಟಿದಾಗಿನಿಂದ ಕರೆಯದೆ ಬರುತ್ತಿದ್ದುದು ಈಗ ಕರೆದರೂ ಬರಲಿಲ್ಲ. ಒಳಗೆ ಸವರಿದ ತುಪ್ಪ ಎಲ್ಲವನ್ನೂ ತಡೆದು ಕೂತಿತ್ತು.

ಅವಳು ಮೂಗಿಗೆ ಒತ್ತಿದ್ದ ಸೆರಗನ್ನು ಎಳೆದು ಬಿಟ್ಟಳು. ಗಂಡನನ್ನೂ ಮೈದುನನನ್ನೂ ಸರಿಸಿಕೊಂಡು ಅಂಗಳಕ್ಕೆ ಓಡಿ, ಹೊಂಗೆಯ ಕೆಳಗೆ ಮಂಡಿಯೂರಿ, ಸೀರೆಯ ಅಂಚಿನಿಂದ ಮೂಗಿನ ತುಪ್ಪವನ್ನು ಉಜ್ಜಿ ತೆಗೆದಳು. ಎರಡು ಕೈಯಲ್ಲೂ ಹೂ ಬಾಚಿಕೊಂಡು ಮುಖ ಅದರೊಳಗೆ ಹೂತು ಉಸಿರೆಳೆದಳು. ಬೀದಿಯಲ್ಲಿ ಹೋಗುತ್ತಿದ್ದ ಹೆಂಗಸರು ನಿಂತು ನೋಡಿದರು. ನಾಚಿಕೆಯ ಹೆಣ್ಣೆಂದು ಹೆಸರಾದ ವೆಂಕಟಮ್ಮ ತಲೆಯ ಮೇಲೆ ಸೆರಗಿಲ್ಲದೆ, ಮೂಗು ಬಾಯಿಗೆಲ್ಲ ಹೂವಿನ ಧೂಳು ಮೆತ್ತಿಕೊಂಡು ಸೀನಿದಳು. ಮತ್ತೆ ಸೀನಿದಳು. ಉಸಿರು ತೆಗೆದುಕೊಳ್ಳಲು ಬಿಡದೆ ಅದು ಅವಳನ್ನು ಬಾಗಿಸಿ ಬಾಗಿಸಿ ಎಬ್ಬಿಸಿತು.

ಕಾಳಪ್ಪನಿಗೆ ಏನೂ ತಿಳಿಯಲಿಲ್ಲ. ಹೊಸ್ತಿಲ ಮೇಲೆ ಒಂದು ಕಾಲಿಟ್ಟುಕೊಂಡು ಅವ್ವನ ಮುಖ ನೋಡಿದ. ಸುಬ್ಬಮ್ಮ ಬಾಗಿಲಿಗೆ ಬಂದಳು.

"ಓಗಪ್ಪಾ ನೀನು. ಅದು ಹೂವಿನ ಸೀನು, ಶಕುನ ಅಲ್ಲ. ಅವ್ಳಿಗೆ ಒಂಟಿ ಸೀನು ಬರಾಕಿಲ್ಲ." ಕಿರಿಯ ಮಗನ ಕಡೆ ತಿರುಗದೆಯೇ ಮುಂದುವರಿಸಿದಳು. "ಯಾವತ್ತೂ ಬಂದಿಲ್ಲ."

ಕಾಳಪ್ಪ ತಲೆಯಾಡಿಸಿ ಹೊಸ್ತಿಲು ದಾಟಿದ. ಚೀಲದ ಮೇಲಿದ್ದ ಪುಟ್ಟಸ್ವಾಮಿಯ ಕೈ ತಾನಾಗಿ ಜಾರಿತು. ಅಣ್ಣ ಹೆಂಡತಿಯ ಪಕ್ಕ ಒಂದು ಕ್ಷಣ ನಿಂತು, ಏನೋ ಹೇಳಿ, ಊರಮುಂದಿನ ಗಾಡಿಯ ಕಡೆ ಹೋದ. ಪುಟ್ಟಸ್ವಾಮಿ ಅದನ್ನು ನೋಡುತ್ತಿರಲಿಲ್ಲ. ಅವನು ಅವ್ವನನ್ನು ನೋಡಿದ, ಅಂಗಳದಲ್ಲಿ ಕೂತವಳನ್ನು ನೋಡಿದ, ಕೊನೆಗೆ ತನ್ನ ಬಲಗೈಯನ್ನು ನೋಡಿದ.

ಆ ದಿನ ಮಧ್ಯಾಹ್ನ ಅವನು ಊಟಕ್ಕೆ ಬರಲಿಲ್ಲ. ವೆಂಕಟಮ್ಮ ಬಾಗಿಲಲ್ಲಿ ನಿಂತು ನೋಡಿದಳು. ಅವನು ಮರದ ಕೆಳಗೆ ಅರ್ಧ ಮಾಡಿಟ್ಟ ಗಾಲಿಯ ಮುಂದೆ ಕೂತು, ಎಡಗೈಯಲ್ಲಿ ಕೊಡತಿ ಹಿಡಿದಿದ್ದ. ಉಳಿಯನ್ನು ಬಲಗೈಯ ಮೂರು ಬೆರಳಲ್ಲಿ ನಿಲ್ಲಿಸಲು ನೋಡುತ್ತಿದ್ದ. ಅದು ಮಲಗಿಬಿಡುತ್ತಿತ್ತು. ಎತ್ತುತ್ತಿದ್ದ, ಮತ್ತೆ ಮಲಗುತ್ತಿತ್ತು. ಅವಳು ಹೋಗಿ ಎದುರಿಗೆ ಕೂತು ಉಳಿ ಹಿಡಿದಳು. ಅವನು ಮುಖ ಎತ್ತದೆ ಕೇಳಿದ.

"ಓದ್ ವರ್ಷ ಹೂವಿರ್ನಿಲ್ವಾ ಅತ್ಗೆ?"

"ಇತ್ತು," ಅಂದಳು ವೆಂಕಟಮ್ಮ. "ಅವತ್ತಿನ ಹಿಂದ್ಲ ರಾತ್ರಿ ಮಳೆ ಬಂದಿತ್ತು."

ಅವನು ಎಡಗೈ ಎತ್ತಿದ. ಕೊಡತಿ ಮೇಲೆದ್ದು ಅಲ್ಲೇ ನಿಂತಿತು. ಅದು ತನ್ನ ಕೈಮೇಲೆ ಬೀಳುತ್ತದೆ ಎಂದೇ ಅವಳು ಅಂದುಕೊಂಡಳು. ಬಿದ್ದರೆ ಬೀಳಲಿ ಎಂದು ಹಿಡಿತ ಸಡಿಲಿಸಲಿಲ್ಲ. ಅದು ಉಳಿಯ ತಲೆಯ ಮೇಲೆ ನೇರವಾಗಿ ಬಿತ್ತು. ಒಂದು ಚಕ್ಕೆ ಎದ್ದು ಹಾರಿತು. ಎರಡನೆಯ ಏಟೂ ಬಿತ್ತು. ಮರದ ಮೇಲಿನಿಂದ ಹೂ ಅವಳ ಕೈಮೇಲೆ, ಗಾಲಿಯ ಮೇಲೆ ಉದುರುತ್ತಿತ್ತು.

ಸೀನು ಬಂದಾಗ ಅವಳ ಕೈ ಅಲುಗಿತು. ಪುಟ್ಟಸ್ವಾಮಿ ಎತ್ತಿದ ಕೊಡತಿಯನ್ನು ಮೇಲೆಯೇ ತಡೆದ. ಅವಳು ಸೀನಿದಳು, ಮತ್ತೆ ಸೀನಿದಳು.

"ಮುಗೀತಾ?"

ಅವಳು ಮುಖ ಪಕ್ಕಕ್ಕೆ ತಿರುಗಿಸಿಕೊಂಡು ಇಲ್ಲವೆಂದು ತಲೆಯಾಡಿಸಿದಳು. ಅವನು ಕೊಡತಿ ಎತ್ತಿ ಹಿಡಿದುಕೊಂಡೇ ಕಾದ.