ಮನೆಯ ಕಡವಿನ ನೀರು

ಮೀನು ಹಿಡಿಯದೆಯೇ ಯಾವ ನೀರಲ್ಲಿ ಯಾವ ಮೀನಿದೆಯೆಂದು ಹೇಳುವುದು ನನ್ನ ಕೆಲಸ. ಮೀನು ಬಿಟ್ಟ ಲೋಳೆಯ ಡಿಎನ್‌ಎ ನೀರಲ್ಲಿ ಉಳಿದಿರುತ್ತದೆ. ನೀರು ಸೋಸಿ, ಯಂತ್ರಕ್ಕೆ ಕೊಟ್ಟು ಓದುತ್ತೇವೆ. ನಡುವೆ ಮನುಷ್ಯರದ್ದೂ ಬರುತ್ತದೆ. ಕೇರಳದ ಹಿನ್ನೀರಿನ ನಮ್ಮ ಕುಟ್ಟನಾಡಿನಲ್ಲಿ ತೋಡಿಗಿಳಿದು ಮೀಯದವರು ಯಾರಿದ್ದಾರೆ? ಅದನ್ನು ಕಸವೆಂದು ಓದದೆ ಅಳಿಸುವುದು ಪದ್ಧತಿ.

ಆ ಸಲ ನಾನು ಅಳಿಸಲಿಲ್ಲ. ಹಾಳು ಕುತೂಹಲ! ದೂರ ಹೋಗಲು ಬೇಜಾರಾಗಿ ಒಂದು ಬಾಟಲಿಯನ್ನು ನಮ್ಮ ಮನೆಯ ಕಡವಿನಲ್ಲೇ, ನಾವು ಮೀಯುವ ಮೆಟ್ಟಿಲ ಬಳಿ, ತುಂಬಿಕೊಂಡಿದ್ದೆ. ನಾವು ಹೇಗೆ ಕಾಣುತ್ತೇವೋ ನೋಡೋಣವೆಂದು ತೆರೆದರೆ, ಕಣ್ಣು ಕಳೆಯುವ ಕಾಯಿಲೆಯೊಂದರ ಗುರುತು ಅಲ್ಲಿತ್ತು. ತಾಯಿಯಿಂದ ಮಕ್ಕಳಿಗೆಲ್ಲ ಬರುವಂಥದ್ದು; ಹೆಂಗಸರು ಬಹುಪಾಲು ಪಾರಾಗುತ್ತಾರೆ, ಗಂಡುಮಕ್ಕಳಲ್ಲಿ ಹಲವರು ಹರೆಯದಲ್ಲೇ ಕುರುಡಾಗುತ್ತಾರೆ. ಪಕ್ಕದ ಮನೆಯವರದ್ದಾಗಿರಲಿ ದೇವರೇ, ಎಂದು ಬೇಡಿಕೊಂಡೆ. ಎಂಥ ಬೇಡಿಕೆ! ಕೊನೆಗೆ ನನ್ನ ಎಂಜಲನ್ನೇ ಪರೀಕ್ಷಿಸಿದೆ. ಅದೇ ಇತ್ತು. ನನಗಿರುವವನು ಒಬ್ಬನೇ ಮಗ, ಹರಿ. ಈಗಷ್ಟೇ ಹತ್ತೊಂಬತ್ತು.

ಮನೆಗೆ ಬಂದಾಗ ಜಗಲಿಯಲ್ಲಿ ಅಮ್ಮನ ಅಣ್ಣ ಭಾರ್ಗವನ್ ಅಮ್ಮಾವ ಕೂತಿದ್ದರು. ಇಪ್ಪತ್ತರ ಪ್ರಾಯದಲ್ಲೇ ಅವರ ಕಣ್ಣು ಹೋಗಿತ್ತು. ಕಳ್ಳಬಟ್ಟಿ ಕುಡಿದು ಕಳೆದುಕೊಂಡನೆಂದು ಊರೆಲ್ಲ ಆಡಿಕೊಂಡಿತು. ಹೆತ್ತ ತಾಯಿಯೂ ಸಾಯುವವರೆಗೆ ಅದನ್ನೇ ಹೇಳಿ ಹಂಗಿಸಿದಳು.

“ಯಾಕೆ ಮೋಳೇ, ಹಿಂಗೆ ಏದುಸಿರು ಬಿಡ್ತಿದ್ದೀಯ? ಮೀನೆಲ್ಲ ಓಡಿಹೋದ್ವಾ?”

ಒಬ್ಬಳೇ ಹೊರಲಾರದೆ ಎಲ್ಲ ಹೇಳಿಬಿಟ್ಟೆ.

“ಅಂದ್ರೆ... ನಾ ಕುಡಿದಿದ್ದಕ್ಕಲ್ವಾ?”

“ಅಲ್ಲ ಅಮ್ಮಾವಾ. ಮೆಲ್ಲಗೆ ಮಾತಾಡಿ, ನಿಮ್ಮ ದಮ್ಮಯ್ಯ.”

ಎಲ್ಲಿ ಕೇಳುತ್ತಾರೆ! ಎದ್ದೇ ನಿಂತರು, ಮುಖವೆಲ್ಲ ನಗು, ಕಣ್ಣಲ್ಲಿ ನೀರು. “ಏ ಹರೀ! ಬಾರೋ ಇಲ್ಲಿ! ನಂದೇನೂ ತಪ್ಪಿಲ್ವಂತೆ ಕಣೋ! ನಮ್ಮಮ್ಮನ ರಕ್ತದಲ್ಲೇ ಇತ್ತಂತೆ! ಸುಮ್ಸುಮ್ನೆ ಬೈದು ಬೈದು ಸತ್ತಳು ಮುದುಕಿ!”

ಅವರ ಬಾಯಿಗೆ ಕೈ ಅಡ್ಡ ಹಿಡಿದೆ. ಅಷ್ಟರಲ್ಲಿ, ಒಳಗೆ ಕರಿಮೀನು ಹಸನು ಮಾಡುತ್ತಿದ್ದ ಹರಿ ಬಾಗಿಲಿಗೆ ಬಂದಿದ್ದ.

“ಮುತ್ತಜ್ಜಿ ರಕ್ತದಲ್ಲಿತ್ತು ಅಂದ್ರೆ, ಅಜ್ಜಿಗೂ ಬಂತಲ್ವಾ ಅಮ್ಮಾ?”

ಅಮ್ಮಾವನ ಬಾಯಿಂದ ಕೈ ತೆಗೆದೆ.

“ನಿಂಗೂ?”

ಅಮ್ಮಾವನ ನಗು ನಿಂತಿತು.

ಹರಿ ಮುಂದಿನದನ್ನು ಕೇಳಲಿಲ್ಲ. ಒದ್ದೆ ಕೈ ಒರೆಸಿಕೊಂಡು, ಎಡಗಣ್ಣು ಮುಚ್ಚಿ ಅಂಗೈ ನೋಡಿಕೊಂಡ. ಆಮೇಲೆ ಬಲಗಣ್ಣು ಮುಚ್ಚಿ ನೋಡಿಕೊಂಡ. ಮತ್ತೆ ಎಡಗಣ್ಣು ಮುಚ್ಚಿದ.