ಹಸಿರು ಬರುವವರೆಗೂ ಓಡಿಸು

ನಮ್ಮ ಉಪ್ಪಲ್ ಆಫೀಸಿಗೆ ಒಂದು ಕೆಟ್ಟ ಚಾಳಿ ಅಂಟಿಕೊಂಡಿತ್ತು. ಪ್ರೋಗ್ರಾಮಿನ ಟೆಸ್ಟ್ ಫೇಲಾಗಿ ಕೆಂಪಾದರೆ ಯಾಕೆಂದು ಯಾರೂ ಕೇಳುತ್ತಿರಲಿಲ್ಲ, ಪಾಸಾಗಿ ಹಸಿರಾಗುವವರೆಗೂ ಮತ್ತೆ ಮತ್ತೆ ಓಡಿಸುತ್ತಿದ್ದರು. ಅದನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ನಾವು ಮಾಡುತ್ತಿದ್ದುದು ರಕ್ತಪರೀಕ್ಷೆಯ ಲ್ಯಾಬುಗಳಿಗೆ ಸಾಫ್ಟ್‌ವೇರ್. ಒಂದೇ ಪ್ರೋಗ್ರಾಮಿನೊಳಗೆ ಹಲವು ಥ್ರೆಡ್‌ಗಳು, ಅಂದರೆ ಕೆಲಸದ ಎಳೆಗಳು, ಒಟ್ಟಿಗೇ ರಿಪೋರ್ಟ್ ಬರೆಯುತ್ತವೆ. ತೆರೆದ ಪ್ರತಿ ಫೈಲಿಗೂ ಒಂದು ನಂಬರ್. ಮುಚ್ಚಿದರೆ ಆ ನಂಬರ್ ಬೇರೆ ಫೈಲಿನ ಪಾಲು. ಒಂದು ಥ್ರೆಡ್ ಮುಚ್ಚಿದ್ದು ತಿಳಿಯದೆ ಇನ್ನೊಂದು ಹಳೇ ನಂಬರಿಗೇ ಬರೆದರೆ, ಒಬ್ಬರ ರಿಪೋರ್ಟ್ ಇನ್ನೊಬ್ಬರ ಫೈಲಿಗೆ ಬಿದ್ದು ಕಥೆ ಮುಗಿಯಿತು. ರೋಗಿ ಮನೆಗೆ ಹೋದ ಮೇಲೂ ಬೆಡ್ ನಂಬರ್ ನೋಡಿ ಇಂಜೆಕ್ಷನ್ ಚುಚ್ಚಿದ ಹಾಗೆ. ಇದನ್ನು ಹಿಡಿದು ಎಚ್ಚರಿಸಲು ರೇಸ್ ಡಿಟೆಕ್ಟರ್ ಎಂಬ ಸಾಧನವಿದೆ. ಅದನ್ನು ಬಳಸಿ ಟೆಸ್ಟ್ ಬರೆದವಳು ನಾನು, ಭಾಗ್ಯಶ್ರೀ.

ಡಿಟೆಕ್ಟರ್ ಕೂಗಿಕೊಂಡಿತು. ಪ್ರೋಗ್ರಾಮ್ ಬರೆದ ಸೂರಜ್ ಮಾಡಿದ್ದೇನು? ಬರೆದು ಮುಗಿಯುವವರೆಗೂ ಯಾರೂ ಮುಚ್ಚದಂತೆ ಫೈಲಿಗೆ ಬೀಗ ಹಾಕುವ ಬದಲು, ಮುಚ್ಚುವ ಥ್ರೆಡ್ಡನ್ನು ಒಂದು ಕ್ಷಣ ಮಲಗಿಸಿದ. ಅಷ್ಟರಲ್ಲಿ ಬರೆಯುವುದು ಮುಗಿದೀತು ಎಂಬ ಭರವಸೆ. ರಿಪೋರ್ಟುಗಳು ಸರಿ ಬಂದವು. ಡಿಟೆಕ್ಟರ್ ಸುಮ್ಮನಾಗಲಿಲ್ಲ. ನಿದ್ದೆಯನ್ನು ಅದು ಬೀಗವೆಂದು ನಂಬುವುದಿಲ್ಲ.

ಮ್ಯಾನೇಜರ್ ಚಂದ್ರಕಾಂತ ಸರ್ ನಮ್ಮ ಬೀದರ್ ಕಡೆಯವರು. ಆಫೀಸಿನಲ್ಲಿ ಹಿಂದಿ, ತೆಲುಗು; ಕೆಲಸ ಆಗಬೇಕಾದಾಗ ಮಾತ್ರ ನನ್ನೊಡನೆ ಕನ್ನಡ.

"ರಿಪೋರ್ಟ್ ಬರೋಬ್ಬರಿ ಬರಾಕತ್ತಾವಲ್ಲ? ಅದು ಸುಮ್ನ ಒದರತೈತಿ. ಅದನ್ನ ಬಂದ್ ಮಾಡಿ, ಟೆಸ್ಟ್ ಪಾಸ್ ಅಂತ ಸಹಿ ಹಾಕು. ಇವತ್ತ ಲ್ಯಾಬಿಗೆ ಕಳಸಬೇಕು."

"ಬಂದ್ ಮಾಡಂಗಿಲ್ರಿ ಸರ್."

"ನೌಕರಿ ಬ್ಯಾಡೇನು?"

ನಮ್ಮ ಮನೆ ನಡೆಯುವುದೇ ನನ್ನ ಸಂಬಳದಲ್ಲಿ. ಆದರೆ ಹೆದರಿಕೆಗಿಂತ ಸಿಟ್ಟು ದೊಡ್ಡದಿತ್ತು. ಟೆಸ್ಟಿನ ರೋಗಿಗಳಿಗೆ ನಮ್ಮ ಆಫೀಸಿನವರದೇ ಹೆಸರು ಕೊಟ್ಟೆ. ಬೆಳಗಿನ ಲ್ಯಾಬಿನಲ್ಲಿರುವಷ್ಟು ರಿಪೋರ್ಟುಗಳನ್ನು ಒಮ್ಮೆಗೇ ನುಗ್ಗಿಸಿ ಟೆಸ್ಟ್ ಓಡಿಸಿದೆ. ಸೂರಜನ ನಿದ್ದೆ ಸಾಲಲಿಲ್ಲ. ಎಲ್ಲರೆದುರು ದೊಡ್ಡ ಪರದೆಯ ಮೇಲೆ ರಿಪೋರ್ಟ್ ಮೂಡಿತು: ಚಂದ್ರಕಾಂತ, ಗಂಡು, ಗರ್ಭಿಣಿ.

ಆಫೀಸು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಸರ್ ಕೆಂಪಾದರು.

"ಚೇಷ್ಟಿ ಮಾಡ್ತೀಯೇನು? ಲಕ್ಷಕ್ಕ ಒಂದ್ ಸಲ ಆಗೂದಿದು!"

"ಆ ಒಬ್ಬರು ಯಾರ ಮನಿಯವ್ರು ಅಂತ ಗೊತ್ತೈತೇನ್ರಿ? ಗರ್ಭಿಣಿ ಅಂತ ಬಂತು, ನಕ್ಕೀವಿ. ಕ್ಯಾನ್ಸರ್ ಅಂತ ಬಂದಿದ್ರ?"

ನಗು ನಿಂತಿತು.

"ನೀ ಸಹಿ ಹಾಕದಿದ್ರ ಇನ್ನೊಬ್ಬರು ಹಾಕ್ತಾರ."

ನಾನು ಎದ್ದು ಕುರ್ಚಿಯನ್ನು ಅವರತ್ತ ತಳ್ಳಿದೆ. "ಇನ್ನೊಬ್ಬರು ಯಾಕ್ರಿ? ನೀವೇ ಹಾಕ್ರಿ. ಲ್ಯಾಬಿನವರಿಗೆ ನಿಮ್ಮ ಹೆಸರೇ ಕಾಣಲಿ."

ಜಿದ್ದಿಗೆ ಬಿದ್ದು ಕುಳಿತೇ ಬಿಟ್ಟರು. ಸಹಿಯ ಜಾಗದಲ್ಲಿ 'ಚಂದ್ರ' ಎಂದು ಟೈಪ್ ಮಾಡಿದರು. ಬೆರಳು ಅಲ್ಲೇ ನಿಂತಿತು. ಆಮೇಲೆ ಅಕ್ಷರಗಳನ್ನು ಒಂದೊಂದಾಗಿ ಅಳಿಸಿ, ನನ್ನ ಕಡೆ ನೋಡದೆಯೇ, ಮೊದಲು ಇದನ್ನು ಸರಿಮಾಡು ಎಂದು ಹಿಂದಿಯಲ್ಲಿ ಹೇಳಿದರು: "ಸೂರಜ್, ಪೆಹಲೇ ಇಸ್ಕೋ ಠೀಕ್ ಕರೋ."