ಮೊದಲು ಹತ್ತುವವನು

ಹಾಯಿದೋಣಿಯನ್ನು ನೆಟ್ಟಗೆ ನಿಲ್ಲಿಸುವುದು ಹಾಯಿಯಲ್ಲ. ನೀರಿನೊಳಗೆ ಯಾರ ಕಣ್ಣಿಗೂ ಬೀಳದಂತೆ ದೋಣಿಯ ಹೊಟ್ಟೆಯಡಿ ಇಳಿಬಿದ್ದಿರುವ ಎರಕದ ಕಬ್ಬಿಣದ ಹಲಗೆ ನಿಲ್ಲಿಸುತ್ತದೆ. ಕೀಲ್ ಎನ್ನುತ್ತಾರೆ ಅದಕ್ಕೆ. ಟ್ರೇಲರಿನ ಮೇಲೇರಿಸಿ ಮನೆಗೆ ಎಳೆದು ತರುವ ಚಿಕ್ಕ ದೋಣಿಗಳಲ್ಲಿ ಈ ಹಲಗೆ ಬಾಗಿಲಿನಂತೆ ತಿರುಗಿ ಮೇಲಕ್ಕೆ ಮಡಚಿಕೊಳ್ಳುತ್ತದೆ. ಮೂರಾಳು ಸೇರಿದರೂ ಎತ್ತಲಾಗದ ಆ ಭಾರವೆಲ್ಲ ಹೆಬ್ಬೆರಳು ಗಾತ್ರದ ಒಂದೇ ಒಂದು ಪಿನ್ನಿನ ಮೇಲೆ ತೂಗುತ್ತದೆ. ಪಿನ್ನು ಮುರಿದರೆ ಹಲಗೆ ತಳ ಸೇರುತ್ತದೆ, ಹಲಗೆ ಹೋದರೆ ದೋಣಿ ಮಗುಚುತ್ತದೆ. ಇಷ್ಟೆಲ್ಲ ಗೊತ್ತಿದ್ದೂ ಆ ಪಿನ್ನಿನ ಎರಡು ತುದಿಗೆ ಬಣ್ಣ ಬಳಿದು, ಕಾಗದದ ಮೇಲೆ ‘ಪರಿಶೀಲಿಸಲಾಗಿದೆ’ ಎಂದು ಮೊಹರು ಒತ್ತಿ, ಮಧ್ಯಾಹ್ನ ನೆಮ್ಮದಿಯಾಗಿ ಉಂಡು ಮಲಗುವವರು ನಮ್ಮ ನಡುವೆ ಬೇಕಾದಷ್ಟು ಜನ ಇದ್ದಾರೆ. ಅವರ ಸಾಲಿನಲ್ಲಿ ಏನು ಮಾಡಿದರೂ ನಿಲ್ಲಲಾರದ ಒಬ್ಬನಿದ್ದಾನೆ.

ಒಂಬತ್ತು ಬೆರಳಿನ ಉಗುರನ್ನು ಮಾಂಸದವರೆಗೆ ಕತ್ತರಿಸಿಕೊಳ್ಳುವ ಆತ ಬಲಗೈ ಹೆಬ್ಬೆರಳಿನದೊಂದನ್ನು ಮಾತ್ರ ಬೆಳೆಯಬಿಟ್ಟಿದ್ದಾನೆ. ಮೂವತ್ತೊಂದು ವರ್ಷ ಲಿಫ್ಟ್ ಮೆಕ್ಯಾನಿಕ್ ಆಗಿದ್ದವನಿಗೆ ಆ ಉಗುರೇ ಮೂರನೆಯ ಕಣ್ಣು. ರಾಟೆಯಾಗಲಿ ಬೋಲ್ಟಾಗಲಿ, ಅದರ ಮೈಮೇಲೆ ಉಗುರನ್ನು ನಿಧಾನವಾಗಿ ಎಳೆಯುವುದು, ಅದು ಎಲ್ಲಿ ತಡವರಿಸಿತೋ ಅಲ್ಲಿ ನಿಂತು ಲೋಹದ ಸವಕಳಿಯನ್ನು ಧ್ಯಾನಿಸುವುದು. ಜೊತೆಯವರು ಉಗುರಪ್ಪ ಎಂದು ಕರೆದರು, ಹೆಸರು ನಿಂತುಬಿಟ್ಟಿತು. ಬಾಗಿಲು ತೆರೆದರೆ ಆಚೆ ನೆಲವೇ ಇಲ್ಲದ ಜಾಗಗಳಲ್ಲಿ ಆಯುಷ್ಯ ಕಳೆದವನಾದ್ದರಿಂದ ಸ್ವಂತ ಅಡುಗೆಮನೆಗೆ ಹೋಗುವಾಗಲೂ ಹೊಸ್ತಿಲಲ್ಲಿ ಒಂದು ಕ್ಷಣ ನಿಂತು, ಬಲಗಾಲಿನಿಂದ ನೆಲವನ್ನು ತಟ್ಟಿ ನೋಡಿಯೇ ಒಳಗೆ ಕಾಲಿಡುತ್ತಾನೆ. ಎಲ್ಲ ಋತುವಿನಲ್ಲೂ ಅದೇ ಖಾಕಿ ಕೋಟು. ಎಡಜೇಬಿನಲ್ಲಿ ಹೆಂಡತಿಯ ಹಳೆಯ ಕಾಲುಚೀಲ, ಅದರೊಳಗೆ ಅಳತೆಯ ಕ್ಯಾಲಿಪರ್. ಯಾರು ಯಾವ ಸುದ್ದಿ ತಂದರೂ ಮೊದಲ ಪ್ರಶ್ನೆ ಒಂದೇ: “ನೋಡಿದ್ದಾ, ಕೇಳಿದ್ದಾ?” ನಾದಿನಿಗೆ ಗಂಡುಮಗುವಾಯಿತು ಎಂದು ಫೋನ್ ಬಂದಾಗಲೂ ಹಾಗೇ ಕೇಳಿ ಮನೆಯವರಿಂದ ಬೈಸಿಕೊಂಡಿದ್ದಾನೆ.

ಇನ್ನೊಂದು ನಿಯಮ. ತಾನು ರಿಪೇರಿ ಮಾಡಿದ ಲಿಫ್ಟನ್ನು ಮೊದಲು ತಾನೇ ಹತ್ತಬೇಕು. ಹನ್ನೊಂದು ಅಂತಸ್ತಿನ ಕಟ್ಟಡವೊಂದರಲ್ಲಿ ಮ್ಯಾನೇಜರು ಮೊದಲು ಮರಳಿನ ಮೂಟೆ ಕಳಿಸಿ ನೋಡೋಣ ಎಂದಾಗ ಉಗುರಪ್ಪ ಒಳಗೆ ಹೋಗಿ ನಿಂತು, ಬಾಗಿಲನ್ನು ಕೈಯಲ್ಲಿ ತಡೆಹಿಡಿದು, “ನೀವೂ ಬನ್ನಿ ಸಾರ್, ಕಾಗದದಲ್ಲಿ ನಿಮ್ಮ ಸಹೀನೂ ಇದೆ” ಎಂದನಂತೆ. ಮ್ಯಾನೇಜರಿಗೆ ಆ ಗಳಿಗೆಯಲ್ಲೇ ಬೇರೆಲ್ಲೋ ಕೆಲಸ ನೆನಪಾಯಿತು.

ಇಂಥವನ ಹೆಂಡತಿ ಹಾಯಿದೋಣಿಯ ಹುಚ್ಚು ಹಿಡಿಸಿಕೊಂಡಳು. ಆಸ್ಪತ್ರೆಯೊಂದರ ಟೆಲಿಫೋನ್ ಕೋಣೆಯಲ್ಲಿ ಕೂತು ದಿನವಿಡೀ ಅನ್ಯರ ಗಾಬರಿಯನ್ನು ಕಿವಿಯಲ್ಲಿ ತುಂಬಿಕೊಳ್ಳುವ ಆಕೆ ಐವತ್ತೆರಡನೆಯ ವಯಸ್ಸಿನಲ್ಲಿ ಗಾಳಿ ಹಿಡಿಯುವುದನ್ನು ಕಲಿತು, ಉಳಿತಾಯದಲ್ಲಿ ಒಂದು ಹಳೆಯ ದೋಣಿ ಕೊಂಡಳು. ಉಗುರಪ್ಪನಿಗೋ ನೀರೆಂದರೆ ಪ್ರಾಣಭಯ, ಈಜು ಬಾರದು. ಮೂರು ವರ್ಷದಿಂದ ದೋಣಿಯನ್ನು ತಿಕ್ಕಿ ತೊಳೆದು, ಟ್ರೇಲರಿನ ಚಕ್ರಕ್ಕೆ ಗ್ರೀಸು ಹಚ್ಚಿ, ಸರೋವರದ ದಡದವರೆಗೆ ಎಳೆದುಕೊಂಡು ಹೋಗುವ ಆತ ಒಮ್ಮೆಯೂ ಅದರೊಳಗೆ ಕಾಲಿಟ್ಟಿರಲಿಲ್ಲ. ಬೇಕರಿ ನಡೆಸುವ ಮೈದುನನೇ ಅಕ್ಕನಿಗೆ ದೋಣಿಯಲ್ಲಿ ಜೊತೆಗಾರ.

ಭಾನುವಾರ ಪಂದ್ಯ. ಮೊದಲ ವರ್ಷ ಗಾಳಿಯಿಲ್ಲದೆ ಅದು ರದ್ದಾಗಿತ್ತು, ಎರಡನೆಯ ವರ್ಷ ಆಕೆಯ ಮುಂಗೈ ಮುರಿದಿತ್ತು. ಈ ಸಲವಾದರೂ ಚುಕ್ಕಾಣಿ ಹಿಡಿಯಲೇಬೇಕೆಂದು ಆಕೆ ಹೆಸರು ಬರೆಸಿದ್ದಳು. ಗುರುವಾರ ಬೆಳಿಗ್ಗೆ ಉಗುರಪ್ಪ ದೋಣಿಯ ಕಾಗದಗಳನ್ನು ಓದುತ್ತ ಕೂತವನು ವರ್ಕ್‌ಶಾಪಿನ ಮೊಹರಿನ ಮೇಲೆ ಉಗುರು ಎಳೆದ. ಪಿನ್ ಪರಿಶೀಲಿಸಲಾಗಿದೆ. ಆತ ಎದ್ದು ಹೋಗಿ ದೋಣಿಯಡಿ ತೂರಿ, ಪಿನ್ನಿನ ತಲೆಯನ್ನು ನೋಡಿದ. ಬಣ್ಣ ನಟ್ಟಿನ ಸಂದಿಯನ್ನೂ ಮುಚ್ಚಿತ್ತು. ಎಷ್ಟೋ ವರ್ಷದಿಂದ ಯಾರೂ ಅದನ್ನು ತಿರುಗಿಸಿಯೇ ಇಲ್ಲ. ವರ್ಕ್‌ಶಾಪಿಗೆ ಫೋನ್ ಮಾಡಿ ತನ್ನ ಹಳೆಯ ಪ್ರಶ್ನೆಯನ್ನು ಕೇಳಿದ್ದಕ್ಕೆ ಅತ್ತಲಿಂದ ಬಂದ ಉತ್ತರ, “ಹೊರಗಿಂದ ಚೆನ್ನಾಗೇ ಇತ್ತಲ್ಲ ಸಾರ್.”

ಹೊರಗಿಂದ. ಈ ಒಂದು ಪದದ ಮೇಲೆ ಎಷ್ಟು ಸೇತುವೆಗಳು, ಎಷ್ಟು ಶಾಲಾಬಸ್ಸುಗಳು, ಎಷ್ಟು ಆಸ್ಪತ್ರೆಯ ಹಾಸಿಗೆಗಳು ನಿಂತಿವೆಯೋ ನೆನೆದರೆ ಮೈ ಉರಿಯುತ್ತದೆ.

ಬಿಚ್ಚಬೇಕು ಎಂದ. ಆಕೆ ಉರಿದುಬಿದ್ದಳು. ಶನಿವಾರ ಸಂಜೆ ಐದರೊಳಗೆ ದೋಣಿ ದಡದಲ್ಲಿರದಿದ್ದರೆ ಪಂದ್ಯದ ಪಟ್ಟಿಯಿಂದ ಹೆಸರು ಹೊಡೆದುಹಾಕುತ್ತಾರೆ, ಮೂರು ವರ್ಷದ ಆಸೆಯನ್ನು ನಿಮ್ಮ ಒಂದು ಉಗುರು ಕೀಳಬೇಕಾ ಎಂದು ಕೇಳಿದಳು. ಆತ ಹಳೆಯ ಗೆಳೆಯನ ಲೇತ್ ಯಂತ್ರದಲ್ಲಿ ಸ್ಟೇನ್‌ಲೆಸ್ ಸರಳಿನಿಂದ ಹೊಸ ಪಿನ್ನು ಕಡೆದು, ಮೂತಿಯನ್ನು ತುಸು ಚೂಪು ಮಾಡಿ, ಮಗುವನ್ನು ತರುವಂತೆ ಕಾಲುಚೀಲದಲ್ಲಿ ಸುತ್ತಿಕೊಂಡು ತಂದ.

ಶನಿವಾರ ಬೆಳಿಗ್ಗೆ ಗೇಟಿಗೂ ಗೋಡೆಗೂ ನಡುವಿನ ಇಕ್ಕಟ್ಟಿನಲ್ಲಿ ಕೆಲಸ ಶುರು. ಹಲಗೆಯ ಕೆಳಗೆ ಮರದ ದಿಮ್ಮಿ, ದಿಮ್ಮಿಯ ಕೆಳಗೆ ಜ್ಯಾಕು. ಭಾರವೆಲ್ಲ ಜ್ಯಾಕಿನ ಮೇಲೆ ಬಂದರೆ ಪಿನ್ನು ಹಗುರಾಗುತ್ತದೆ, ಹಗುರಾದ ಪಿನ್ನು ಜಾರುತ್ತದೆ. ನಟ್ಟು ಬಿಚ್ಚಿದ್ದಾಯಿತು. ಹೊಸ ಪಿನ್ನನ್ನು ಹಳೆಯದರ ಬೆನ್ನಿಗೆ ಹಚ್ಚಿ, ಮರದ ಸುತ್ತಿಗೆಯಿಂದ ಹೊಡೆಯತೊಡಗಿದ. ಹೊಸದು ಹಳೆಯದನ್ನು ತಳ್ಳುತ್ತ ತಾನೇ ಅದರ ಜಾಗ ಹಿಡಿಯಬೇಕು, ರಂಧ್ರ ಒಂದು ಕ್ಷಣವೂ ಖಾಲಿಯಾಗಬಾರದು. ಎರಡು ಬೆರಳಷ್ಟು ಹೋದದ್ದು ಅಲ್ಲೇ ನಿಂತಿತು. ಜ್ಯಾಕನ್ನು ಕಾಲು ಸುತ್ತು ಏರಿಸಿದರು, ಇಲ್ಲ. ಇಳಿಸಿದರು, ಇಲ್ಲ. ಮೈತುಂಬ ಹಿಟ್ಟು ಮೆತ್ತಿಕೊಂಡೇ ಬಂದಿದ್ದ ಮೈದುನ ಬೆವರಿಗೆ ಕಣಕವಾಗುತ್ತ, “ಭಾವ, ಹಲ್ಲಿನ ಡಾಕ್ಟ್ರು ಇಷ್ಟು ಹೊತ್ತು ತಗೊಂಡಿದ್ರೆ ಪೇಷೆಂಟು ಎದ್ದು ಮನೆಗೆ ಹೋಗಿರ್ತಿದ್ದ” ಎಂದ. ಉಗುರಪ್ಪ ಕೇಳಿಸಿಕೊಳ್ಳಲಿಲ್ಲ. ಆತನ ಕಣ್ಣು ಹೊಳೆಯುತ್ತಿತ್ತು. ಪಿನ್ನು ಸಿಕ್ಕಿಹಾಕಿಕೊಂಡಿದೆಯೆಂದರೆ ಅದರ ನಡು ಸವೆದು ಸಣ್ಣಗಾಗಿದೆ, ಸವೆಯದ ಭಾಗದ ಅಂಚು ಹಲಗೆಯ ರಂಧ್ರಕ್ಕೆ ತಗುಲಿದೆ! ಎಷ್ಟು ಸವೆದಿದೆಯೋ ಅಷ್ಟೇ ಹಲಗೆಯನ್ನು ಎತ್ತಬೇಕು, ಕೂದಲೆಳೆ ಹೆಚ್ಚಲ್ಲ, ಕೂದಲೆಳೆ ಕಡಿಮೆಯಲ್ಲ. ಒಂದು ಕೈಯಿಂದ ಪಿನ್ನನ್ನು ತಿರುವುತ್ತ, ಇನ್ನೊಂದು ಕೈಯಿಂದ ಮೈದುನನಿಗೆ ಸನ್ನೆ ಮಾಡುತ್ತ, ಏರಿಸು, ಏರಿಸು, ಸಾಕು ಎನ್ನುವಷ್ಟರಲ್ಲಿ ಪಿನ್ನು ಬೆರಳ ತುದಿಯಲ್ಲಿ ಬುಗುರಿಯಂತೆ ಸಲೀಸಾಗಿ ತಿರುಗಿತು. ಮೂರು ಏಟು. ಹಳೆಯದು ಮೈದುನನ ಹಿಟ್ಟಿನ ಅಂಗೈಗೆ ಬಿತ್ತು. ಹೊಸದು ಒಳಗೆ ಕೂತಿತು.

ಮಕ್ಕಳು ಚೀಪಿ ಚೀಪಿ ನಡು ಸಣ್ಣ ಮಾಡಿದ ಪೆಪ್ಪರ್‌ಮೆಂಟಿನ ಹಾಗಿತ್ತು ಅದು. ಎರಡು ತುದಿ ದುಂಡಗೆ, ಹೊಳೆಹೊಳೆಯುತ್ತ; ನಡುವೆ ಅರ್ಧಕ್ಕರ್ಧ ಇಲ್ಲ. ಉಗುರು ಎಳೆದರೆ ಆ ಹಳ್ಳದಲ್ಲಿ ಬೆರಳೇ ಇಳಿಯಿತು. ಮೈದುನನ ನಗೆ ಬತ್ತಿತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಹೆಂಡತಿ ಮೆಟ್ಟಿಲಿಳಿದು ಬಂದು, ಪಿನ್ನನ್ನು ಕೈಗೆ ತೆಗೆದುಕೊಂಡು ಹೇಳಿದಳು.

“ಹೋದ ವರ್ಷದಿಂದ್ಲೇ ಟಕ್ ಟಕ್ ಅಂತಿತ್ತು ರೀ. ಹೇಳಿದ್ರೆ ನೀವು ಬಿಚ್ತೀರಿ, ಪಂದ್ಯ ತಪ್ಪುತ್ತೆ ಅಂತ ಸುಮ್ಮನಿದ್ದೆ.”

“ಕೇಳಿದ್ದು ನೀನು. ನೋಡೋನು ನಾನು,” ಎಂದ ಉಗುರಪ್ಪ. “ಒಂದೇ ಮನೇಲಿದ್ವಲ್ಲೇ.”

ನಟ್ಟು ಹಾಕಿ, ಮೈಯ ಬಲವೆಲ್ಲ ಸ್ಪ್ಯಾನರಿಗೆ ಕೊಟ್ಟು ಬಿಗಿದ. ಜ್ಯಾಕು ಇಳಿಸಿದರು. ಹಲಗೆ ಜೊತೆಗೆ ಇಳಿಯಬೇಕಿತ್ತು. ಇಳಿಯಲಿಲ್ಲ, ಗಾಳಿಯಲ್ಲಿ ಮುನಿಸಿಕೊಂಡು ನಿಂತಿತು. ಗಂಟೆ ಮೂರು. ಮೂವತ್ತೊಂದು ವರ್ಷ ಸಡಿಲ ನಟ್ಟನ್ನೇ ಪರಮಶತ್ರುವೆಂದು ಬಗೆದವನಿಗೆ ತಪ್ಪೆಲ್ಲಿ ಎಂದೇ ತೋಚಲಿಲ್ಲ. ತೋಚಿದ್ದು ಆಕೆಗೆ. ಹಲಗೆ ಮಡಚಿ ಕೂರುವ ಗೂಡಿನ ಎರಡೂ ಪಕ್ಕದ ಗೋಡೆಗಳನ್ನು ಆತನ ಬಿಗಿತವೇ ಒಳಗೆ ಒತ್ತಿ, ಹಲಗೆಯನ್ನು ಇಕ್ಕಳದಂತೆ ಕಚ್ಚಿಹಿಡಿದಿತ್ತು. “ಇದು ಲಿಫ್ಟಲ್ಲ ರೀ. ಬಿಗೀಬೇಡಿ, ಹಿಡ್ಕೊಂಡಿದ್ರೆ ಸಾಕು,” ಎಂದು ಸ್ಪ್ಯಾನರನ್ನು ತಾನೇ ತೆಗೆದುಕೊಂಡು ಅರ್ಧ ಸುತ್ತು ಸಡಿಲಿಸಿದಳು. ಹಲಗೆ ದೊಪ್ಪನೆ, ತೃಪ್ತಿಯ ನಿಟ್ಟುಸಿರಿನಂತೆ ಇಳಿಯಿತು. ಆ ನಟ್ಟು ಅಲುಗದಂತೆ ಅದರ ಬೆನ್ನಿಗೆ ಇನ್ನೊಂದನ್ನು ಕೂರಿಸಿ ಉಗುರಪ್ಪ ತಲೆಯಾಡಿಸಿದ. ಸೋತದ್ದಕ್ಕೆ ಅಷ್ಟು ಖುಷಿಪಟ್ಟ ಗಂಡಸನ್ನು ಆ ಬೀದಿ ಕಂಡಿರಲಿಲ್ಲ.

ಐದಕ್ಕೆ ಹತ್ತು ನಿಮಿಷ ಇರುವಾಗ ದೋಣಿ ನೀರಿಗಿಳಿಯಿತು. ಮೈದುನ ಹತ್ತಲು ಹೋದ, ಅಕ್ಕ ತಡೆದಳು. ದಡದಲ್ಲಿ ನಿಂತಿದ್ದ ಗಂಡನ ಕಡೆ ತಿರುಗಿ, ನಗದೆ, “ರೀ, ರಿಪೇರಿ ಮಾಡಿದೋರು ಯಾರು?” ಎಂದಳು.

ಉಗುರಪ್ಪ ಕೋಟಿನ ಗುಂಡಿಗಳನ್ನು ಕುತ್ತಿಗೆಯವರೆಗೆ ಹಾಕಿಕೊಂಡು, ಮೇಲೆ ತೇಲುಜಾಕೀಟು ಬಿಗಿದುಕೊಂಡು, ದೋಣಿಯ ನೆಲವನ್ನು ಬಲಗಾಲಿನಿಂದ ತಟ್ಟಿದ. ಅದು ಅಲುಗಿತು. ಆದರೂ ಕಾಲಿಟ್ಟ. ಗಾಳಿ ಬಂದು ದೋಣಿ ಒಂದು ಮಗ್ಗುಲಿಗೆ ವಾಲಿ ನೀರು ಅಂಚಿನವರೆಗೆ ಏರಿದಾಗ ಕಣ್ಣು ಮುಚ್ಚಲಿಲ್ಲ. ಹಲಗೆಯ ಗೂಡಿನ ಗೋಡೆಗೆ ಹೆಬ್ಬೆರಳಿನ ಉಗುರನ್ನು ಒತ್ತಿಹಿಡಿದು ಕೂತ. ಟಕ್ ಎನ್ನಲಿಲ್ಲ. ಅಡಿಯ ಭಾರ ತನ್ನ ಕೆಲಸ ಮಾಡಿತು. ದೋಣಿ ನಿಧಾನವಾಗಿ, ಘನತೆಯಿಂದ ಎದ್ದು ನೆಟ್ಟಗಾಯಿತು.

“ನೋಡಿದೆ,” ಎಂದ ಉಗುರಪ್ಪ.

ಮರುದಿನ ಆಕೆ ಒಂಬತ್ತು ದೋಣಿಗಳಲ್ಲಿ ಐದನೆಯವಳಾಗಿ ಬಂದು, ಗೆದ್ದವಳಿಗಿಂತ ಹೆಚ್ಚು ಕೂಗಾಡಿದಳು.

ಇಂಥವರು ಕಿರಿಕಿರಿಯ ಮಂದಿ. ಕೆಲಸ ತಡವಾಗಿಸುತ್ತಾರೆ, ಮದುವೆಮನೆಯಲ್ಲೂ ಕುರ್ಚಿಯ ಕಾಲು ಅಲುಗಿಸಿ ನೋಡುತ್ತಾರೆ, ಬಡ್ತಿಯ ಪಟ್ಟಿಯಲ್ಲಿ ಅವರ ಹೆಸರಿರುವುದಿಲ್ಲ. ಅವರು ಧೀರರೂ ಅಲ್ಲ, ತಪ್ಪದವರೂ ಅಲ್ಲ. ಇಷ್ಟೇ: ತಾವು ಸರಿಯಿದೆ ಎಂದದ್ದರೊಳಗೆ ತಾವೇ ಮೊದಲು ಹೋಗಿ ಕೂರುತ್ತಾರೆ, ಈಜು ಬಾರದಿದ್ದರೂ. ಜಗತ್ತು ಇನ್ನೂ ಮಗುಚದೆ ಉಳಿದಿದ್ದರೆ ಅದು ಇವರ ಭಾರದಿಂದ.

ನೀವೂ ಈ ವಾರ ಯಾವುದೋ ಕಾಗದಕ್ಕೆ ‘ಸರಿಯಿದೆ’ ಎಂದು ಸಹಿ ಹಾಕಿದ್ದೀರಿ. ಏಳಿ, ಹೋಗಿ ಅದನ್ನು ಬಿಚ್ಚಿ ನೋಡಿ. ಆಮೇಲೆ, ನಿಮ್ಮ ಮಾತು ನಂಬಿದವರು ಹತ್ತುವ ಮೊದಲು, ನೀವು ಹತ್ತಿ.